ನೆದರ್ಲೆಂಡ್ಸ್‌ನಲ್ಲಿ ಹುಟ್ಟುಹಬ್ಬಕ್ಕೆ ಕರೆದರೆ

ಐಂಡ್‌ಹೋವನ್‌ನ ನೆರೆಮನೆಯವರು ಹುಟ್ಟುಹಬ್ಬಕ್ಕೆ ಮಧ್ಯಾಹ್ನ 2ಕ್ಕೆ ಕರೆದಿದ್ದಾರೆ, ಊಟ ಇರುತ್ತದೆಯೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಇರುವುದಿಲ್ಲ; ಉಂಡೇ ಹೋಗಿ. ಕಾಫಿ, ಒಂದು ತುಂಡು ಕೇಕ್ ಸಿಗುತ್ತದೆ. ನಮ್ಮವರ ಹಾಗೆ ಬಲವಂತ ಮಾಡುವವರಿಲ್ಲ, ಸಂಕೋಚಪಟ್ಟರೆ ನಷ್ಟ ನಿಮಗೇ. ಒಳಗೆ ಹೋದೊಡನೆ ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ಹೆಂಡತಿ, ಮಕ್ಕಳು, ಅತ್ತೆ, ಸುತ್ತಲೂ ಕುರ್ಚಿ ಹಾಕಿಕೊಂಡು ಕುಳಿತ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. 5ರ ಹೊತ್ತಿಗೆ ಎದ್ದುಬಿಡಿ. ಬಹಳ ಮನೆಗಳಲ್ಲಿ ರಾತ್ರಿಯೂಟ 6ಕ್ಕೇ. ಶೌಚಾಲಯದ ಗೋಡೆಯ ಮೇಲೆ ಬಂಧುಮಿತ್ರರ ಹುಟ್ಟಿದ ದಿನಗಳನ್ನು ಬರೆದ ಕ್ಯಾಲೆಂಡರ್ ಇರಬಹುದು. ಅದರಲ್ಲಿ ವಾರಗಳ ಹೆಸರಿರುವುದಿಲ್ಲ, ಹಾಗಾಗಿ ವರ್ಷ ಬದಲಾದರೂ ಅದೇ ನಡೆಯುತ್ತದೆ. ಅವರಿಂದ ನಾವು ಧಾರಾಳವಾಗಿ ಎರವಲು ಪಡೆಯಬಹುದಾದ ಉಪಾಯವಿದು. ಉಡುಗೊರೆಗೆ ಹೂಗುಚ್ಛ ಸಾಕು; ಬೇರೇನಾದರೂ ಒಯ್ದರೆ ನಿಮ್ಮೆದುರೇ ಬಿಚ್ಚಿ ನೋಡುತ್ತಾರೆ.