ಓದುಗರ ಪ್ರಶ್ನೆ: ಟಿಪ್ಸ್ ಡಬ್ಬಿಯಲ್ಲಿ ಮಾಲೀಕರಿಗೆ ಪಾಲಿದ್ಯಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಮೆರಿಕದಿಂದ, ಅದೂ ಹೋಟ್ಲು ವಿಷಯ. ಐಟಿ ಕೆಲಸ ಬಿಟ್ಟು ದೋಸೆ ಕಾವಲಿ ಹಿಡಿದೋರು, ಊರಲ್ಲಿ ಹೋಟ್ಲು ನಡೆಸಿ ಅಲ್ಲಿಗೆ ಹೋದೋರು, ಅವರ ಹತ್ರ ಕೆಲಸ ಮಾಡ್ತಿರೋರು, ಎಲ್ರದ್ದೂ ಸಂಬಳ-ಟಿಪ್ಸ್ ತಲೆನೋವೇ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ.

ಪ್ರಶ್ನೆ: ನಾನು, ನನ್ನ ಭಾವ ಸೇರ್ಕೊಂಡು ಡಲ್ಲಾಸ್ ಹತ್ರ ಒಂದು ಸಣ್ಣ ವೆಜ್ ಹೋಟ್ಲು ತೆಗೆದಿದೀವಿ. ಸರ್ವರ್‌ಗಳಿಗೆ ಗಂಟೆಗೆ 2.13 ಡಾಲರ್ ಕೊಟ್ರೆ ಸಾಕು, ಮಿಕ್ಕಿದ್ದು ಟಿಪ್ಸ್‌ನಲ್ಲಿ ಬರುತ್ತೆ ಅಂತ ಪಕ್ಕದ ಅಂಗಡಿಯವರು ಹೇಳ್ತಾರೆ. ಇಷ್ಟು ಕಮ್ಮಿ ಕೊಟ್ರೆ ಕೇಸ್ ಆಗಲ್ವಾ ಸಾರ್?

ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಹೇಳಿದಾರೆ, ಆ ಬಿಟ್ಟ ಅರ್ಧದಲ್ಲೇ ಕೇಸ್ ಇರೋದು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅಲ್ಲೇ ಕೂತಿದೆ. ಟಿಪ್ಸ್ ಸಿಗೋ ಕೆಲಸದವರಿಗೆ ಮಾಲೀಕರು ಕೈಯಿಂದ ಕೊಡ್ಬೇಕಾದ್ದು 2.13, ಅದು 1991ರಿಂದ ಕದಲಿಲ್ಲ (ಮೂವತ್ತು ವರ್ಷದ ಮೇಲಾಯ್ತು, ನನ್ನ ಕೇಳಿದ್ರೆ ಇದು ನಾಚಿಕೆಗೇಡು, ಆದ್ರೆ ನೀವು ಕೇಳಿದ್ದು ಕಾನೂನು). ನಡುವಿನ 5.12 ಗಿರಾಕಿಗಳ ಟಿಪ್ಸ್‌ನಿಂದ ತುಂಬುತ್ತೆ ಅಂತ ಲೆಕ್ಕ, ಇದಕ್ಕೇ ಟಿಪ್ ಕ್ರೆಡಿಟ್ ಅನ್ನೋದು. ಟೆಕ್ಸಾಸ್ ತನ್ನದೇ ರೇಟು ಅಂತ ಬೇರೆ ಇಟ್ಟಿಲ್ಲ, ಕೇಂದ್ರದ್ದನ್ನೇ ಒಪ್ಕೊಂಡಿದೆ.

ಈಗ ಬಿಟ್ಟ ಅರ್ಧಕ್ಕೆ ಬನ್ನಿ. ಟಿಪ್ಸ್‌ನಿಂದ ತುಂಬದಿದ್ರೆ ನೀವು ತುಂಬಬೇಕು. ಒಬ್ಬ ಹುಡುಗ ವಾರಕ್ಕೆ 40 ಗಂಟೆ ಕೆಲಸ ಮಾಡ್ದ ಅಂತಿಟ್ಕೊಳ್ಳಿ. 7.25ರ ಲೆಕ್ಕದಲ್ಲಿ ಅವನ ಕೈಗೆ 290 ಡಾಲರ್ ಸೇರ್ಬೇಕು. ನಿಮ್ಮ 2.13ರಲ್ಲಿ ಬರೋದು 85.20. ಆ ವಾರ ಗಿರಾಕಿ ಕಮ್ಮಿ, ಟಿಪ್ಸ್ ಬರೀ 150 ಬಂತು. ಎರಡೂ ಸೇರಿದ್ರೆ 235.20. ಕೊರತೆ ಬಿದ್ದ 54.80 ನಿಮ್ಮ ಗಲ್ಲಾದಿಂದಾನೇ ಹೋಗ್ಬೇಕು. ಮುಂದಿನ ವಾರ ಹಬ್ಬದ ರಶ್‌ನಲ್ಲಿ ಅವನಿಗೆ 400 ಟಿಪ್ಸ್ ಬಂತು, ಸರಿಹೋಯ್ತಲ್ಲ ಅಂತ ಹಿಂದಿನ ವಾರಕ್ಕೆ ಹೊಂದಿಸ್ಕೊಳ್ಳೋ ಹಾಗಿಲ್ಲ, ಸಂಬಳ ಹದಿನೈದು ದಿನಕ್ಕೊಂದ್ಸಲ ಕೊಟ್ರೂ ಲೆಕ್ಕ ಮಾತ್ರ ವಾರವಾರದ್ದೇ.

ಓವರ್‌ಟೈಮ್‌ನಲ್ಲಿ ಇನ್ನೂ ಜಾಸ್ತಿ ಜನ ಎಡವೋದು. 40 ಗಂಟೆ ದಾಟಿದ್ಮೇಲೆ ಒಂದೂವರೆ ಪಟ್ಟು ಅಂತ ಎಲ್ರಿಗೂ ಗೊತ್ತು, ಹಾಗಾಗಿ 2.13ನ್ನ ಒಂದೂವರೆಯಿಂದ ಗುಣಿಸಿ 3.20 ಕೊಟ್ಟು ಕೈತೊಳ್ಕೊತಾರೆ. ತಪ್ಪು. ಗುಣಿಸ್ಬೇಕಾದ್ದು 7.25ನ್ನ, ಅದು 10.88 ಹತ್ರ ಆಗುತ್ತೆ, ಅದ್ರಲ್ಲಿ 5.12 ಕಳೆದ್ರೆ 5.76. ಶನಿವಾರ ಭಾನುವಾರ ಸೇರಿ ಹುಡುಗ 50 ಗಂಟೆ ನಿಂತಿದ್ರೆ ಆ ಹತ್ತು ಗಂಟೆಗೇ ಇಪ್ಪತ್ತೈದು ಡಾಲರ್ ಮೇಲೆ ವ್ಯತ್ಯಾಸ. ಹೀಗೆ ಉಳಿಸ್ಕೊಂಡಿದ್ದು ಸಿಕ್ಕಿಬಿದ್ರೆ ಎರಡು ವರ್ಷದ ಬಾಕಿ ಕೊಡ್ಬೇಕು, ಗೊತ್ತಿದ್ದೂ ಮಾಡಿದ್ರೆ ಮೂರು ವರ್ಷದ್ದು, ಮೇಲೆ ಅಷ್ಟೇ ಮೊತ್ತ ಪರಿಹಾರ ಅಂತ ಬೀಳಬಹುದು.

ಇನ್ನೊಂದು. ಟಿಪ್ ಕ್ರೆಡಿಟ್ ತಗೋತೀವಿ ಅನ್ನೋದನ್ನ ಕೆಲಸದವರಿಗೆ ಮೊದಲೇ ತಿಳಿಸಿರ್ಬೇಕು, ಇಲ್ಲಾಂದ್ರೆ ಆ ಹಕ್ಕೇ ಹೋಗುತ್ತೆ. ಬಾಯಲ್ಲಿ ಹೇಳಿದ್ರೂ ನಡೆಯುತ್ತೆ, ಆದ್ರೆ ನಾಳೆ ಹೇಳೇ ಇಲ್ಲ ಅಂದ್ರೆ ಏನ್ಮಾಡ್ತೀರಿ? ಒಂದು ಹಾಳೆಗೆ ಸೈನ್ ಹಾಕಿಸ್ಕೊಳ್ಳಿ. ಗ್ಲಾಸ್ ಒಡೆದ, ಗಿರಾಕಿ ಬಿಲ್ ಕೊಡದೆ ಎದ್ದೋದ ಅಂತ 2.13 ತಗೊಳ್ಳೋನ ಸಂಬಳದಲ್ಲಿ ಮುರ್ಕೊಳ್ಳೋದಂತೂ ಬೇಡ್ವೇ ಬೇಡ, ಅವನು ಈಗಾಗ್ಲೇ ಕನಿಷ್ಠದ ಗೆರೆ ಮೇಲೆ ನಿಂತಿದಾನೆ.

ಪ್ರಶ್ನೆ: ನಾನು ಮಾಲೀಕನೇ ಆದ್ರೂ ವೀಕೆಂಡ್‌ನಲ್ಲಿ ಸೊಂಟಕ್ಕೆ ಬಟ್ಟೆ ಕಟ್ಕೊಂಡು ಪ್ಲೇಟ್ ಎತ್ತೋದೂ ನಾನೇ, ಟೇಬಲ್ ಒರೆಸೋದೂ ನಾನೇ. ಟಿಪ್ಸ್ ಡಬ್ಬಿಯಲ್ಲಿ ನನಗೂ ಒಂದು ಪಾಲು ಬೇಡ್ವಾ?

ಬೇಡ. ಡಬ್ಬಿಗೆ ಕೈ ಹಾಕ್ಬೇಡಿ. 2018ರಲ್ಲಿ ಕೇಂದ್ರ ಕಾನೂನಿಗೆ ತಿದ್ದುಪಡಿ ತಂದು ಇದನ್ನ ಖಡಾಖಂಡಿತ ಮಾಡಿದಾರೆ, ಮಾಲೀಕ, ಮ್ಯಾನೇಜರ್, ಸೂಪರ್‌ವೈಸರ್ ಯಾರೂ ಕೆಲಸದವರ ಟಿಪ್ಸ್ ಇಟ್ಕೊಳ್ಳೋ ಹಾಗಿಲ್ಲ, ಟಿಪ್ ಕ್ರೆಡಿಟ್ ತಗೊಂಡ್ರೂ ಅಷ್ಟೇ, ಪೂರ್ತಿ ಸಂಬಳ ಕೊಟ್ರೂ ಅಷ್ಟೇ. ಒಂದು ಟೇಬಲ್‌ಗೆ ಶುರುವಿಂದ ಕೊನೆವರೆಗೂ ನೀವೊಬ್ರೇ ಬಡಿಸಿ, ಅವರು ನಿಮ್ಮ ಕೈಗೇ ಕೊಟ್ರೆ ಅದು ನಿಮ್ಮದು. ಹುಡುಗರ ಜೊತೆ ಸೇರಿ ಬಡಿಸಿದ್ರೆ ಅದ್ರಲ್ಲಿ ಭಾಗ ಇಲ್ಲ. ಊರಲ್ಲಿ ಸಾಹುಕಾರ್ರೇ ರಾತ್ರಿ ಡಬ್ಬಿ ಬಿಚ್ಚಿ ಹಂಚೋ ಪದ್ಧತಿ ನೋಡಿ ಬೆಳೆದೋರು ನಾವು, ಆ ರೂಢಿ ವಿಮಾನ ಹತ್ತಿಸ್ಕೊಂಡು ಹೋಗ್ಬೇಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಮ್ಮ ಹೋಟ್ಲಿಗೆ ಜನ ಬರೋದೇ ದೋಸೆ ಭಟ್ರ ಕೈರುಚಿಗೆ. ಟಿಪ್ಸ್ ಮಾತ್ರ ಪೂರ್ತಿ ಹೊರಗಿನ ಹುಡುಗರಿಗೆ. ಒಳಗೆ ಬೇಯೋರಿಗೂ ಪಾಲು ಕೊಡಿಸೋಕೆ ಆಗಲ್ವಾ?

ನಿಮ್ಮ ನ್ಯಾಯಬುದ್ಧಿ ಮೆಚ್ಚಿದೆ. ಕಾನೂನು ಇಲ್ಲಿ ಒಂದು ಷರತ್ತು ಹಾಕುತ್ತೆ. ನೀವು ಟಿಪ್ ಕ್ರೆಡಿಟ್ ತಗೋತಿದ್ರೆ, ಅಂದ್ರೆ ಸರ್ವರ್‌ಗಳಿಗೆ ಕಮ್ಮಿ ಸಂಬಳ ಕೊಡ್ತಿದ್ರೆ, ಅವರ ಟಿಪ್ಸ್‌ನಲ್ಲಿ ಅಡುಗೆಯವರಿಗೆ, ಪಾತ್ರೆ ತೊಳೆಯೋರಿಗೆ ಕೊಡಿ ಅಂತ ಒತ್ತಾಯ ಮಾಡೋ ಹಾಗಿಲ್ಲ. ಎಲ್ರಿಗೂ ಪೂರ್ತಿ ಕನಿಷ್ಠ ವೇತನ ಕೊಟ್ರೆ ಆಗ ಅಡುಗೆಮನೆಯೂ ಸೇರಿಸಿ ಹಂಚಬಹುದು. ನಿಮ್ಮ ರಾಜ್ಯದಲ್ಲಿ 2025ಕ್ಕೆ ಪೂರ್ತಿ ವೇತನ 15.49, ಟಿಪ್ಸ್ ಇರೋರಿಗೆ 5.62 ಇತ್ತು, ಪ್ರತಿ ಜನವರಿ ಪರಿಷ್ಕರಣೆ ಆಗುತ್ತೆ, ಹೊಸ ರೇಟು ರಾಜ್ಯದ ಕಾರ್ಮಿಕ ಇಲಾಖೆ ಸೈಟಲ್ಲಿ ನೋಡ್ಕೊಳ್ಳಿ. ಅಂದ್ರೆ ಭಟ್ರಿಗೆ ಪಾಲು ಕೊಡಿಸೋಕೆ ನೀವು ಒಬ್ಬೊಬ್ಬ ಸರ್ವರ್‌ಗೂ ಗಂಟೆಗೆ ಹತ್ತಿರ ಹತ್ತು ಡಾಲರ್ ಜಾಸ್ತಿ ಕೊಡ್ಬೇಕು. ಅದಕ್ಕಿಂತ ಭಟ್ರ ಸಂಬಳಾನೇ ಏರಿಸೋದು ಸುಲಭ, ಅವರೂ ಹಾಗೇ ಬಯಸ್ತಾರೆ ಅಂತ ನನ್ನ ಅನಿಸಿಕೆ. ಹುಡುಗರೇ ಖುಷಿಯಿಂದ ಭಟ್ರ ಜೇಬಿಗೆ ಹತ್ತು ಡಾಲರ್ ತುರುಕಿದ್ರೆ ಅದು ಅವರಿಷ್ಟ, ನೀವು ನಡುವೆ ಬರ್ಬೇಡಿ. ಪಕ್ಕದ ನ್ಯೂಯಾರ್ಕ್‌ನಲ್ಲಿ ಬ್ರಾಂಚ್ ತೆಗೆಯೋ ಯೋಚನೆ ಇದ್ರೆ ಅಲ್ಲಿ ಲೆಕ್ಕ ಬೇರೆ, ಪೂರ್ತಿ ಸಂಬಳ ಕೊಟ್ರೂ ಅಡುಗೆಯವರಿಗೆ ಟಿಪ್ಸ್ ಹಂಚಿಸೋ ಹಾಗಿಲ್ಲ, ಜೊತೆಗೆ ಬೆಳಗ್ಗೆ ಬಂದೋರು ಮಧ್ಯೆ ಬಿಡುವು ಸೇರಿಸಿ ಹತ್ತು ಗಂಟೆ ಮೇಲಾಗಿ ಮನೆಗೆ ಹೋದ್ರೆ ಒಂದು ಗಂಟೆ ಕನಿಷ್ಠ ವೇತನ ಎಕ್ಸ್‌ಟ್ರಾ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಸರ್ವರ್ ಆಗಿದೀನಿ. ಗಿರಾಕಿಗಳು ಕಾರ್ಡಲ್ಲಿ ಹಾಕೋ ಟಿಪ್ಸ್‌ನಿಂದ ನಮ್ಮ ಓನರ್ ಮೂರು ಪರ್ಸೆಂಟ್ ಬ್ಯಾಂಕ್ ಚಾರ್ಜ್ ಅಂತ ಹಿಡಿತಾರೆ. ಅದೂ ಅಲ್ದೆ ಟಿಪ್ಸ್ ಬರುತ್ತಲ್ಲ ಅಂತ ಸಂಬಳಾನೂ ಕಮ್ಮಿ. ಸರೀನಾ ಮೇಡಂ ಅಥವಾ ಸಾರ್?

ಎರಡೂ ತಪ್ಪು ತಾಯಿ. ಕ್ಯಾಲಿಫೋರ್ನಿಯಾದಲ್ಲಿ ಟಿಪ್ ಕ್ರೆಡಿಟ್ ಅನ್ನೋದೇ ಇಲ್ಲ. ಒರೆಗಾನ್, ವಾಷಿಂಗ್ಟನ್ ರಾಜ್ಯ, ನೆವಾಡಾ, ಮೊಂಟಾನಾ, ಮಿನ್ನೆಸೋಟಾ, ಅಲಾಸ್ಕಾ, ಇವೂ ಇದೇ ಸಾಲಿನವು. ಕ್ಯಾಲಿಫೋರ್ನಿಯಾದಲ್ಲಿ 2025ರ ರಾಜ್ಯ ರೇಟು ಗಂಟೆಗೆ 16.50 ಇತ್ತು, ಆಮೇಲೆ ಇನ್ನೂ ಏರಿದೆ, ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ಎಷ್ಟೋ ಊರುಗಳಲ್ಲಿ ನಗರಸಭೆ ರೇಟು ಅದಕ್ಕಿಂತ ಮೇಲೆ, ಯಾವುದು ಜಾಸ್ತಿಯೋ ಅದೇ ನಿಮ್ಮದು, ಟಿಪ್ಸ್ ಅದ್ರ ಮೇಲೆ. ಕಾರ್ಡ್ ಚಾರ್ಜ್ ವಿಷಯಕ್ಕೆ, ಕೇಂದ್ರ ಕಾನೂನಲ್ಲಿ ಆ ಟಿಪ್‌ಗೆ ತಗಲೋವಷ್ಟು ಫೀ ಹಿಡ್ಕೊಳ್ಳೋಕೆ ಅವಕಾಶ ಇದೆ, ಕ್ಯಾಲಿಫೋರ್ನಿಯಾದಲ್ಲಿ ಇಲ್ಲ, ಗಿರಾಕಿ ಬರೆದಷ್ಟೂ ನಿಮಗೇ ಬರ್ಬೇಕು, ಅದೂ ಮುಂದಿನ ಸಂಬಳದ ದಿನದೊಳಗೆ. ಮೊದಲು ಓನರ್ ಹತ್ರ ಮಾತಾಡಿ, ಎಷ್ಟೋ ಜನಕ್ಕೆ ನಿಜಕ್ಕೂ ಗೊತ್ತಿರಲ್ಲ. ಬಗ್ಗದಿದ್ರೆ ರಾಜ್ಯದ ಲೇಬರ್ ಕಮಿಷನರ್ ಆಫೀಸಿಗೆ ದೂರು ಕೊಡಬಹುದು, ವಕೀಲರು ಬೇಕೇಬೇಕು ಅಂತಿಲ್ಲ. ಪೇ ಸ್ಲಿಪ್, ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜು, ಯಾವ್ದನ್ನೂ ಡಿಲೀಟ್ ಮಾಡ್ಬೇಡಿ.

ಪ್ರಶ್ನೆ: ಮಗ ಎಫ್-1 ವೀಸಾದಲ್ಲಿ ಓದ್ತಿದಾನೆ. ಪರಿಚಯದವರ ಹೋಟ್ಲಲ್ಲಿ ಸಂಜೆ ಹೊತ್ತು ಕ್ಯಾಶ್‌ಗೆ ಕೆಲಸ ಮಾಡ್ತಾನಂತೆ. ಈಗ ಎರಡು ತಿಂಗಳ ದುಡ್ಡು ಕೊಡ್ತಿಲ್ಲ, ಕೇಳಿದ್ರೆ ನಿನ್ನ ವೀಸಾ ನೆನಪಿದ್ಯಾ ಅಂತಾರಂತೆ. ಏನ್ಮಾಡೋದು?

ಅಮ್ಮಾ, ಮೊದಲು ಆ ಕೆಲಸ ನಿಲ್ಸೋಕೆ ಹೇಳಿ. ಅನುಮತಿ ಇಲ್ದೆ ಕ್ಯಾಂಪಸ್ ಹೊರಗೆ ದುಡಿದ್ರೆ ಅವನ ವೀಸಾಕ್ಕೇ ಕುತ್ತು, ಅದ್ರಲ್ಲಿ ಮಾತಿಲ್ಲ. ಆದ್ರೆ ದುಡಿದ ಗಂಟೆಗೆ ಸಂಬಳ ಕೊಡ್ಬೇಕು ಅನ್ನೋ ಕಾನೂನು ವೀಸಾ ನೋಡಲ್ಲ, ಕಾಗದ ಇರಲಿ ಬಿಡಲಿ ದುಡಿದೋರಿಗೆಲ್ಲ ಅನ್ವಯ ಆಗುತ್ತೆ. ಕೈಗೆ ಕ್ಯಾಶ್ ಕೊಟ್ಟೆ ಅಂದ್ರೂ ಮಾಲೀಕರು ಗಂಟೆ ಲೆಕ್ಕ, ಸಂಬಳದ ದಾಖಲೆ ಇಟ್ಟಿರ್ಬೇಕು. ದೂರು ಕೊಡೋಕೆ ಮುಂಚೆ ಯೂನಿವರ್ಸಿಟಿಯವರದ್ದು ಉಚಿತ ಕಾನೂನು ಸಲಹೆ ಇದ್ರೆ, ಇಲ್ಲಾಂದ್ರೆ ಇಮಿಗ್ರೇಷನ್ ವಕೀಲರ ಹತ್ರ ಒಂದ್ಸಲ ಮಾತಾಡ್ಲಿ. ನಮ್ಮೋರೇ ನಮ್ಮ ಹುಡುಗರನ್ನ ಹೀಗೆ ಹೆದರಿಸ್ತಾರೆ ಅಂತ ಓದೋವಾಗ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಟಿಪ್ಸ್‌ಗೆ ಇನ್ಮೇಲೆ ಟ್ಯಾಕ್ಸೇ ಇಲ್ಲ ಅಂತ ನಮ್ಮ ಹುಡುಗರು ಕುಣೀತಿದಾರೆ, ನಾನು ಲೆಕ್ಕ ಬರೆಯೋದು ನಿಲ್ಲಿಸ್ಬಹುದಾ?

ಬೇಡಪ್ಪ. 2025ರಲ್ಲಿ ಬಂದ ಕಾನೂನಲ್ಲಿ ಸಿಕ್ಕಿರೋದು ಕೇಂದ್ರ ಆದಾಯ ತೆರಿಗೆ ಲೆಕ್ಕ ಹಾಕೋವಾಗ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ನ ಆದಾಯದಿಂದ ಕಳೆಯೋ ಕಡಿತ, 2028ರ ತನಕ, ಆದಾಯ ಜಾಸ್ತಿ ಇರೋರಿಗೆ ಕರಗ್ತಾ ಹೋಗುತ್ತೆ. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿಗೆ ಹಿಡಿಯೋ ತೆರಿಗೆ), ಮೆಡಿಕೇರ್ (ವಯಸ್ಸಾದೋರ ಆರೋಗ್ಯ ವಿಮೆಗೆ ಹಿಡಿಯೋದು) ಎರಡೂ ಟಿಪ್ಸ್ ಮೇಲೆ ಮೊದಲಿನ ಹಾಗೇ, ನಿಮ್ಮ ಪಾಲಿನ 7.65 ಪರ್ಸೆಂಟೂ ಹಾಗೇ. ತಿಂಗಳಿಗೆ 20 ಡಾಲರ್ ಮುಟ್ಟಿದ್ರೆ ಮುಂದಿನ ತಿಂಗಳ 10ರೊಳಗೆ ಹುಡುಗರು ನಿಮಗೆ ಲೆಕ್ಕ ಕೊಡ್ಬೇಕು. ಬಿಲ್ಲಲ್ಲಿ ನೀವೇ 18 ಪರ್ಸೆಂಟ್ ಸರ್ವಿಸ್ ಚಾರ್ಜ್ ಅಂತ ಕಡ್ಡಾಯವಾಗಿ ಸೇರಿಸಿದ್ರೆ ಅದನ್ನ ತೆರಿಗೆ ಇಲಾಖೆ ಟಿಪ್ಸ್ ಅಂತ ಒಪ್ಪಲ್ಲ, ಹುಡುಗರಿಗೆ ಹಂಚಿದ್ರೆ ಸಂಬಳ ಅಂತ್ಲೇ ಲೆಕ್ಕ, ಆ ಕಡಿತಕ್ಕೂ ಬರಲ್ಲ.

ಪ್ರಶ್ನೆ: ಬೆಂಗಳೂರಲ್ಲೂ ಕೆಲವು ರೆಸ್ಟೋರೆಂಟ್‌ನವರು ಸರ್ವಿಸ್ ಚಾರ್ಜ್ ಹಾಕ್ತಾರಲ್ಲ, ಕೊಡ್ಲೇಬೇಕಾ?

ಕೊಡ್ಲೇಬೇಕು ಅಂತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಬಿಲ್ಲಿಗೆ ತಾನಾಗೇ ಸೇರಿಸ್ಬಾರ್ದು ಅಂತ ಮಾರ್ಗಸೂಚಿ ಹೊರಡಿಸ್ತು, ಹೋಟ್ಲು ಸಂಘದವರು ಕೋರ್ಟಿಗೆ ಹೋದ್ರು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನ ಎತ್ತಿಹಿಡೀತು. ತೆಗೀರಿ ಅಂತ ಕೇಳಿ, ತೆಗೆಯದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ. ಬಡಿಸಿದ ಹುಡುಗನಿಗೆ ಕೊಡ್ಬೇಕು ಅನ್ಸಿದ್ರೆ ಅವನ ಕೈಗೇ ಕೊಡಿ.