ಫೀಸು ಕಟ್ಟುವ ಮೊದಲು ಹುಟ್ಟಿದ ತಾರೀಖು ನೋಡಿ

ಓದು, ಉದ್ಯೋಗದ ಬಗ್ಗೆ ಸಲಹೆ ಕೇಳಲು ಇಂಥವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದ್ದಾರೆ. ವಯಸ್ಸು ಮೂವತ್ತು ದಾಟಿರುತ್ತದೆ. ಮನೆ, ಮಕ್ಕಳು, ಸಾಲ ಎಲ್ಲ ಇರುತ್ತದೆ. ಕೈಯಲ್ಲಿ ಯಾವುದೋ ಕೋರ್ಸಿನ ಬಣ್ಣದ ಕರಪತ್ರ. ಅದರ ಮೇಲೆ ಕೆಂಪು ಅಗ್ನಿಶಾಮಕ ವಾಹನ, ಇಲ್ಲವೇ ಪೊಲೀಸ್ ಟೋಪಿ. ಅದಕ್ಕೇ ಅವರಲ್ಲಿ ಒಬ್ಬರ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 36 ವರ್ಷ. ಗದಗ ಕಡೆಯವರು. ಪಿಯುಸಿ ಕಾಮರ್ಸ್ ಪಾಸು. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಒಂದು ಖಾಸಗಿ ಸಂಸ್ಥೆಯ 'ಫೈರ್ ಅಂಡ್ ಸೇಫ್ಟಿ' ಡಿಪ್ಲೊಮಾಕ್ಕೆ ಮೊದಲ ಕಂತು ಕಟ್ಟಿಬಿಟ್ಟಿದ್ದರು. ಎರಡನೇ ಕಂತಿಗೆ ಹೆಂಡತಿಯ ಸರ ಅಡ ಇಡುವ ಮಾತು ಬಂತು. ಮನೆಯಲ್ಲಿ ಜಗಳ ಶುರುವಾಯಿತು. ಹೆಂಡತಿಯೇ ಅವರನ್ನು ಕರೆದುಕೊಂಡು ಬಂದರು.

ಮೊದಲ ದಿನ ಇಬ್ಬರೂ ಸಿಟ್ಟಿನಲ್ಲೇ ಮಾತಾಡಿದರು. ನಾನು ಕೇಳಿಸಿಕೊಂಡೆ, ಅಷ್ಟೇ. ಮುಂದಿನ ಸಲ ಬರುವಾಗ ಕರಪತ್ರದ ಜೊತೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತನ್ನಿ ಅಂದೆ.

"ಮಾರ್ಕ್ಸ್ ಕಾರ್ಡ್ ಯಾಕ್ರಿ ಮೇಡಂ?"

"ಹುಟ್ಟಿದ ತಾರೀಖು ಅದರಲ್ಲೇ ಇರುತ್ತಲ್ವಾ?"

ಎರಡನೇ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ. "ಕೋರ್ಸ್ ಮುಗಿದ ಮಾರನೇ ದಿನ ಯಾವ ಕೆಲಸಕ್ಕೆ ಅರ್ಜಿ ಹಾಕ್ತೀರಿ?"

"ಫೈರ್ ಸರ್ವಿಸಿಗೆ ರೀ. ಇಲ್ಲಾಂದ್ರ ಪೊಲೀಸ್."

ಕಂಪ್ಯೂಟರಿನಲ್ಲಿ ಅಗ್ನಿಶಾಮಕ ಇಲಾಖೆಯ ಹಿಂದಿನ ನೇಮಕಾತಿ ಅಧಿಸೂಚನೆ ತೆರೆದೆ. ಇಬ್ಬರೂ ಜೊತೆಗೆ ಓದಿದೆವು. ಫೈರ್‌ಮನ್ ಹುದ್ದೆಗೆ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಅವರು ಆ ಸಾಲನ್ನು ಎರಡು ಸಲ ಓದಿದರು. ಡಿಪ್ಲೊಮಾ ಅನ್ನುವ ಮಾತೇ ಅಲ್ಲಿ ಇರಲಿಲ್ಲ. ಆಯ್ಕೆಯಾದವರಿಗೆ ಇಲಾಖೆಯೇ ತರಬೇತಿ ಕೊಡುತ್ತದೆ. ಅದಕ್ಕಂತಲೇ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್. ಎ. ಮುಂಡ್ಕೂರ್ ಅಕಾಡೆಮಿ ಇದೆ.

ಆಮೇಲೆ ವಯಸ್ಸಿನ ಕಾಲಂಗೆ ಬಂದೆವು. ಮೂವತ್ತು ಮುಟ್ಟುವ ಮೊದಲೇ ಅದು ಮುಗಿಯುತ್ತಿತ್ತು. ಅವರು ಪರದೆಯ ಮೇಲೆ ಬೆರಳಿಟ್ಟು ಕೇಳಿದರು. "ಸರ್ಕಾರದವ್ರು ಸಡಿಲ ಮಾಡ್ತಾರಂತಲ್ರಿ?"

ಒಮ್ಮೊಮ್ಮೆ ಮಾಡುತ್ತಾರೆ, ನಿಜ. ಆದರೆ ಒಂದೆರಡು ವರ್ಷ ಸಡಿಲ ಮಾಡಿದರೂ 36ಕ್ಕೆ ಮುಟ್ಟುವುದಿಲ್ಲ. ಹಾಗೆಂದು ನೇರವಾಗಿ ಹೇಳಿದೆ.

ಅವರು ಮಾರ್ಕ್ಸ್ ಕಾರ್ಡನ್ನು ಮೆಲ್ಲಗೆ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದರು. ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಸ್ವಲ್ಪ ತಡೆಯಿರಿ ಅಂತ ಕೈಸನ್ನೆ ಮಾಡಿದೆ. ಗೋಡೆಯ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಅವರು ಕೋರ್ಸಿನ ಮಾತು ಬಿಟ್ಟು ಬೇರೆ ಏನನ್ನೋ ಹೇಳತೊಡಗಿದರು.

ಇಪ್ಪತ್ಮೂರನೇ ವಯಸ್ಸಿನಲ್ಲಿ ಕಾನ್‌ಸ್ಟೆಬಲ್ ಹುದ್ದೆಗೆ ಹೋಗಿದ್ದರಂತೆ. 1600 ಮೀಟರನ್ನು ಆರೂವರೆ ನಿಮಿಷದ ಒಳಗೆ ಓಡಿ, ದೈಹಿಕ ಪರೀಕ್ಷೆ ಪೂರ್ತಿ ಪಾಸಾಗಿದ್ದರಂತೆ. ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದರು. ಇವರು ಬೆಂಗಳೂರಿನ ಬಸ್ಸು ಹತ್ತಿದರು.

ಎರಡು ವರ್ಷದ ಹಿಂದೆ ಇವರ ಕಾರ್ಖಾನೆಯ ಸ್ಟೋರಿನಲ್ಲಿ ಬೆಂಕಿ ಬಿತ್ತು. ಬಟ್ಟೆಯ ಥಾನುಗಳ ಪಕ್ಕದ ಸ್ವಿಚ್ ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್. ಇವರು ಮೇನ್ ಸ್ವಿಚ್ ಆಫ್ ಮಾಡಿದರು. ಕಟಿಂಗ್ ಸೆಕ್ಷನ್ನಿನ ಹೆಣ್ಣುಮಕ್ಕಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿದರು. ಗೋಡೆಯಲ್ಲಿದ್ದ ಸಿಲಿಂಡರ್ ಕಿತ್ತುಕೊಂಡು ಬೆಂಕಿ ಆರಿಸಿದರು.

"ಎಲ್ಲಾ ಆರಿದ ಮ್ಯಾಲ ಫೈರ್ ಗಾಡಿ ಬಂತ್ರಿ. ಎಲ್ಲಾರೂ ಅವರಿಗೆ ಚಹಾ ಕೊಟ್ರು, ಫೋಟೋ ತಗೊಂಡ್ರು. ನನ್ನ ಹೆಸರ ಯಾರೂ ಕೇಳಲಿಲ್ರಿ."

ಹೆಂಡತಿ ತಿರುಗಿ ನೋಡಿದರು. "ಇದನ್ನ ನನಗೂ ಹೇಳಿಲ್ಲ ನೀವು."

ಆ ಮಾತಿನಿಂದ ಅವತ್ತಿನ ಭೇಟಿಯೇ ಬದಲಾಯಿತು. ಆಮೇಲಿನ ಅರ್ಧ ಗಂಟೆ ಅವರಿಬ್ಬರೇ ಮಾತಾಡಿಕೊಂಡರು. ನನ್ನ ಕಡೆ ನೋಡಲೂ ಇಲ್ಲ.

ಮೂರನೇ ಭೇಟಿಯಲ್ಲಿ ಸಲಹೆ ಕೊಟ್ಟೆ. ಎರಡನೇ ಕಂತು ಕಟ್ಟಬೇಡಿ, ಸರ ಮನೆಯಲ್ಲೇ ಇರಲಿ. ಕಟ್ಟಿದ ದುಡ್ಡನ್ನು ಬರಹದಲ್ಲಿ ಕೇಳಿ ನೋಡಿ. ಬರದಿದ್ದರೆ ಅದರ ಹಿಂದೆ ಇನ್ನಷ್ಟು ಸುರಿಯಬೇಡಿ. ಸೇಫ್ಟಿ ಆಫೀಸರ್ ಆಗಬಹುದು ಅಂತ ಕರಪತ್ರದಲ್ಲಿ ಬರೆದಿತ್ತು. ಅದನ್ನೂ ಬಿಡಿಸಿ ಹೇಳಬೇಕಾಯಿತು. ಕಾನೂನಿನ ಪ್ರಕಾರ ದೊಡ್ಡ ಕಾರ್ಖಾನೆಗಳಿಗೆ ಸುರಕ್ಷತಾ ಅಧಿಕಾರಿ ಬೇಕು. ಆದರೆ ಆ ಹುದ್ದೆಗೆ ತಾಂತ್ರಿಕ ಪದವಿಯೋ ಡಿಪ್ಲೊಮಾವೋ ಇರಬೇಕು, ಕಾರ್ಖಾನೆಯಲ್ಲಿ ದುಡಿದ ಅನುಭವ ಬೇಕು, ಅದರ ಮೇಲೆ ಸರ್ಕಾರ ಮಾನ್ಯ ಮಾಡಿದ ಸುರಕ್ಷತಾ ಡಿಪ್ಲೊಮಾ ಬೇಕು. ಪಿಯುಸಿ ಕಾಮರ್ಸಿನ ಮೇಲೆ ಒಂದು ವರ್ಷದ ಖಾಸಗಿ ಸರ್ಟಿಫಿಕೇಟ್ ಇಟ್ಟರೆ ಅಲ್ಲಿಗೆ ತಲುಪಲು ಆಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಕಾರ್ಖಾನೆಗೆ ಒಂದು ಪತ್ರ ಕೊಡಿ ಅಂದೆ. ಬೆಂಕಿ ಬಿದ್ದ ದಿನ ತಾನು ಏನು ಮಾಡಿದೆ ಅಂತ ಬರೆದು, ಅದಕ್ಕೆ ಅನುಭವ ಪತ್ರ ಕೇಳುವುದು. ಕಾರ್ಖಾನೆಯ ಅಗ್ನಿಶಾಮಕ ತಂಡಕ್ಕೆ ಸೇರಿಸಿ, ತರಬೇತಿಗೆ ಕಳಿಸಿ ಅಂತ ಕೇಳುವುದು. ಓದಲೇಬೇಕು ಅನ್ನಿಸಿದರೆ ಐಟಿಐನಲ್ಲಿ ಅಗ್ನಿ ತಂತ್ರಜ್ಞಾನ ಮತ್ತು ಕೈಗಾರಿಕಾ ಸುರಕ್ಷತೆಯ ಒಂದು ವರ್ಷದ ಟ್ರೇಡ್ ಇದೆ. ಅದರ ಸರ್ಟಿಫಿಕೇಟಿಗೆ ಇಡೀ ದೇಶದಲ್ಲಿ ಮಾನ್ಯತೆ ಇದೆ. ಐಟಿಐಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಹಗಲು ತರಗತಿಗೆ ಹೋಗಬೇಕಾದ್ದರಿಂದ, ಕಾಯಂ ರಾತ್ರಿ ಪಾಳಿ ಸಿಕ್ಕರೆ ಮಾತ್ರ ಯೋಚಿಸಿ ಅಂದೆ.

ಖಾಕಿಯ ಆಸೆಗೆ ಗೃಹರಕ್ಷಕ ದಳ ಇದೆ. ಇವರ ವಯಸ್ಸಿನವರನ್ನೂ ಸೇರಿಸಿಕೊಳ್ಳುತ್ತಾರೆ. ಅದು ಸಂಬಳದ ನೌಕರಿಯಲ್ಲ. ಕರೆದ ದಿನ ಹೋದರೆ ಆ ದಿನದ ಭತ್ಯೆ ಸಿಗುತ್ತದೆ. ಚುನಾವಣೆ, ಜಾತ್ರೆ, ಟ್ರಾಫಿಕ್ಕು, ನೆರೆ ಬಂದಾಗಿನ ಕೆಲಸ, ಹೀಗೆ. ಮನೆ ನಡೆಸಲು ಇದನ್ನೇ ನಂಬಬೇಡಿ ಅಂತ ಹೆಂಡತಿಯ ಮುಂದೆಯೇ ಹೇಳಿದೆ.

ಈ ವಿಷಯ ಒಬ್ಬ ಸಹೋದ್ಯೋಗಿಯ ಜೊತೆ ಚರ್ಚಿಸಿದಾಗ ಅವರು ಬೇಸರ ಮಾಡಿಕೊಂಡರು. ಕನಸು ಇಟ್ಟುಕೊಂಡು ಬಂದವರ ಮುಂದೆ ವಯಸ್ಸಿನ ಕಾಲಂ ಹಿಡಿಯುವುದು ಸರಿಯಲ್ಲ ಅಂದರು. ನಾನು ಒಪ್ಪಲಿಲ್ಲ. ಕಲಿಯುವುದಕ್ಕೆ ವಯಸ್ಸಿಲ್ಲ, ಅದನ್ನು ನಾನೂ ನಂಬುತ್ತೇನೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ, ಇಗ್ನೋಗೆ ನಲವತ್ತು ದಾಟಿದವರನ್ನು ನಾನೇ ಕಳಿಸಿದ್ದೇನೆ. ಸಮವಸ್ತ್ರದ ಕೆಲಸಕ್ಕೆ ಮಾತ್ರ ವಯಸ್ಸು ಒಂದು ನಿಯಮ. ಅದನ್ನು ಮುಚ್ಚಿಟ್ಟು ಬೆನ್ನು ತಟ್ಟಿದರೆ, ಅವರು ಸರ ಕಳೆದುಕೊಂಡು ಇನ್ನೊಂದು ವರ್ಷಕ್ಕೆ ಅದೇ ಕಾಲಂ ಮುಂದೆ ಬಂದು ನಿಲ್ಲುತ್ತಾರೆ. ಆಗ ಅವರ ಪಕ್ಕದಲ್ಲಿ ಯಾರಿರುತ್ತಾರೆ?

ಒಂದು ವಿಷಯ ಮಾತ್ರ ಈಗಲೂ ಕಾಡುತ್ತದೆ. ಬೆಂಕಿಯ ಕತೆ ಕೇಳುವ ಮೊದಲೇ ನಾನು ಮಾರ್ಕ್ಸ್ ಕಾರ್ಡ್ ಕೇಳಿದೆ. ಈಗ ಇಂಥವರು ಬಂದರೆ ಮೊದಲ ದಿನವೇ ಕೇಳುತ್ತೇನೆ: ಈ ಆಸೆ ಎಂದು ಹುಟ್ಟಿತು, ಅವತ್ತು ಏನಾಯಿತು?

ಇಪ್ಪತ್ತೈದು, ಇಪ್ಪತ್ತಾರರ ವಯಸ್ಸಿನಲ್ಲಿ ಓದು ಬಿಟ್ಟು ಮತ್ತೆ ಶುರು ಮಾಡುವವರ ಲೆಕ್ಕ ಬೇರೆ. ಪಿಎಸ್‌ಐ ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಲು ಕ್ರಿಮಿನಾಲಜಿಯೇ (ಅಪರಾಧಶಾಸ್ತ್ರ) ಓದಬೇಕಿಲ್ಲ, ಯಾವ ಪದವಿಯಾದರೂ ಸಾಕು. ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು. ಇಂಥ ವಿಷಯ ಕಲಿಸಲು ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ, ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿವೆ. ಆ ವಿಷಯದ ಮೇಲೆ ಪ್ರೀತಿ ಇದ್ದರೆ ಖಂಡಿತ ಓದಿ. ಆದರೆ ಅಲ್ಲಿ ಓದಿದವರೂ ಅದೇ ಲಿಖಿತ ಪರೀಕ್ಷೆ ಬರೆಯಬೇಕು, ಅದೇ ಮೈದಾನದಲ್ಲಿ ಓಡಬೇಕು. ಅಷ್ಟರಲ್ಲಿ ನಿಮ್ಮ ವಯಸ್ಸು ಎಷ್ಟಾಗಿರುತ್ತದೆ ಅಂತ ಫೀಸು ಕಟ್ಟುವ ಮೊದಲೇ ಕೂಡಿ ನೋಡಿ.

ನಾಲ್ಕು ತಿಂಗಳ ಮೇಲೆ ದಂಪತಿ ಮತ್ತೆ ಬಂದಿದ್ದರು. ಕಟ್ಟಿದ ಕಂತು ವಾಪಸ್ ಬಂದಿಲ್ಲ. ಕಾರ್ಖಾನೆಯವರು ಪತ್ರ ಕೊಟ್ಟಿದ್ದಾರೆ, ಅಗ್ನಿಶಾಮಕ ತಂಡಕ್ಕೂ ಸೇರಿಸಿದ್ದಾರೆ. ಸಂಬಳ ಏರಿಲ್ಲ. ಗೃಹರಕ್ಷಕ ದಳಕ್ಕೆ ಅರ್ಜಿ ಹಾಕಿದ್ದಾರೆ, ಇನ್ನೂ ಕರೆ ಬಂದಿಲ್ಲ. ಬೆಳಿಗ್ಗೆ ಮತ್ತೆ ಓಡಲು ಶುರು ಮಾಡಿದ್ದಾರಂತೆ.

"1600 ಮೀಟರಿಗೆ ಈಗ ಎಂಟು ನಿಮಿಷ ಹಿಡೀತದ್ರಿ," ಅಂದರು.

"ಟೈಮ್ ನೋಡಾಕ ನನ್ನನ್ನೂ ಐದಕ್ಕ ಎಬ್ಬಸ್ತಾರ್ರಿ ಮೇಡಂ," ಅಂದರು ಹೆಂಡತಿ. ಅವರ ಕೊರಳಲ್ಲಿ ಸರ ಇತ್ತು.