ಪಾಮೇರಿಯನ್ ನಾಯಿ ಅಂದರೆ ರಾಣಿಯರ ಮಡಿಲಲ್ಲೇ ಹುಟ್ಟಿದ ತಳಿ ಅಲ್ವಾ? ಬೆಂಗಳೂರಿನ ಬೇಸಿಗೆಗೆ ಕೂದಲು ಬೋಳಿಸಿ ಫ್ಲ್ಯಾಟ್‌ನಲ್ಲಿ ಸಾಕಬಹುದಾ?

ದಯವಿಟ್ಟು ಬೋಳಿಸಬೇಡಿ. ಉಳಿದದ್ದು ಆಮೇಲೆ.

2016ರ ಏಪ್ರಿಲ್, ಬೆಂಗಳೂರಿನಲ್ಲಿ ಬಿಸಿಲು 39 ಡಿಗ್ರಿ ದಾಟಿದ ತಿಂಗಳು. ರಾಜಾಜಿನಗರದಲ್ಲಿ ನಮ್ಮದು ಮೇಲಿನ ಮಹಡಿ. ರಾತ್ರಿ ಹನ್ನೊಂದಾದರೂ ತಾರಸಿಯ ಕಾವು ಇಳಿಯುತ್ತಿರಲಿಲ್ಲ. ನಮ್ಮ ಪಾಮೇರಿಯನ್ ಚಿನ್ನಿ ಬಚ್ಚಲುಮನೆಯ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿ ತೇಕುತ್ತಿದ್ದಳು. ಮೂರು ಕೆಜಿಯೂ ಇಲ್ಲದ ಜೀವ, ಮೈತುಂಬ ಕೇಸರಿ ಕೂದಲು. ನೋಡಲಾಗದೆ ಕರೆದುಕೊಂಡು ಹೋಗಿ ಪೂರ್ತಿ ಮೆಷಿನ್ ಹಾಕಿಸಿಬಿಟ್ಟೆ. ಸ್ವೆಟರ್ ಬಿಚ್ಚಿದ ಹಾಗೆ ಹಾಯಾಗಿರುತ್ತಾಳೆ ಅಂದುಕೊಂಡೆ.

ತಪ್ಪಿದ್ದು ಅಲ್ಲೇ. ಅದು ಸ್ವೆಟರ್ ಅಲ್ಲ. ಈ ನಾಯಿಗೆ ಕೂದಲು ಎರಡು ಪದರ. ಚರ್ಮದ ಹತ್ತಿರ ಹತ್ತಿಯಂಥ ದಟ್ಟ ಒಳಗೂದಲು, ಅದರ ಮೇಲೆ ಉದ್ದನೆಯ ಒರಟು ಕೂದಲು. ಮೇಲಿನದು ಬಿಸಿಲನ್ನು ತಡೆಯುತ್ತದೆ. ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರುವುದೂ ಇಲ್ಲ, ಒಳಗಿನ ಕಾವು ಹೊರಗೆ ಹೋಗುವುದು ಹೆಚ್ಚಾಗಿ ತೇಕಿ ತೇಕಿಯೇ. ಬೋಳಿಸಿದರೆ ತಂಪಾಗುವುದು ಅಷ್ಟಕ್ಕಷ್ಟೆ, ಬಿಸಿಲು ಮಾತ್ರ ನೇರ ಚರ್ಮಕ್ಕೆ ಬೀಳುತ್ತದೆ. ಅದಕ್ಕಿಂತ ದೊಡ್ಡ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಇಂಥ ನಾಯಿಗಳಲ್ಲಿ ಬುಡದವರೆಗೆ ಕತ್ತರಿಸಿದ ಕೂದಲು ಕೆಲವೊಮ್ಮೆ ಮತ್ತೆ ಬೆಳೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಚಿನ್ನಿಗೆ ಹಾಗೇ ಆಯಿತು. ದೀಪಾವಳಿ ಹೊತ್ತಿಗೆ ತಲೆ, ಕಾಲುಗಳ ಮೇಲೆ ಕೂದಲು ಬಂತು. ಬೆನ್ನುದ್ದಕ್ಕೂ ಬಾಲದ ಬುಡದವರೆಗೆ ಬೂದು ಬಣ್ಣದ ಬರಿ ಚರ್ಮ, ಅಲ್ಲಲ್ಲಿ ತೆಂಗಿನ ನಾರಿನಂಥ ಎಳೆ. ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಮುಲಾಮು ಅಂತ ಎರಡೂವರೆ ವರ್ಷ ಓಡಾಡಿದೆ. ಅಂಗೈಯಗಲದ ಒಂದು ಜಾಗ ಕೊನೆವರೆಗೂ ಬೋಳಾಗಿಯೇ ಉಳಿಯಿತು. ಎತ್ತಿಕೊಂಡಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತಿತ್ತು.

ತಳಿಯ ಚರಿತ್ರೆ ಮೊದಲೇ ಗೊತ್ತಿದ್ದರೆ ಮೆಷಿನ್ ಮುಟ್ಟಿಸುತ್ತಿರಲಿಲ್ಲ. ಮಡಿಲಲ್ಲೇ ಹುಟ್ಟಿದ ತಳಿ ಅನ್ನುವ ನಿಮ್ಮ ಮಾತನ್ನು ಒಪ್ಪದಿರುವುದೂ ಅದಕ್ಕೇ. ಇವುಗಳ ಹಿರೀಕರು ಉತ್ತರದ ಹಿಮದಲ್ಲಿ ಜಾರುಬಂಡಿ ಎಳೆಯುತ್ತಿದ್ದ ಸ್ಪಿಟ್ಜ್ ನಾಯಿಗಳು. ಹೆಸರು ಬಂದದ್ದು ಬಾಲ್ಟಿಕ್ ಸಮುದ್ರದ ದಂಡೆಯ ಪೊಮರೇನಿಯಾದಿಂದ. ಆ ಸೀಮೆ ಈಗ ಪೋಲೆಂಡ್, ಜರ್ಮನಿಗಳಲ್ಲಿ ಹಂಚಿಹೋಗಿದೆ. 1767ರಲ್ಲಿ ರಾಣಿ ಷಾರ್ಲೆಟ್ ಇಂಗ್ಲೆಂಡಿಗೆ ತರಿಸಿದ ಜೋಡಿ ಈಗಿನವಕ್ಕಿಂತ ಎಷ್ಟೋ ದೊಡ್ಡದು. ಇಂಗ್ಲಿಷ್ ಚಿತ್ರಕಾರ ಗೇನ್ಸ್‌ಬರೋ ಆ ಕಾಲದಲ್ಲಿ ಬರೆದ ಚಿತ್ರಗಳಲ್ಲಿ ಪಾಮೇರಿಯನ್‌ಗಳ ಗಾತ್ರ ನೋಡಿ, ನಂಬಲಿಕ್ಕಾಗುವುದಿಲ್ಲ. ವಿಕ್ಟೋರಿಯಾ ರಾಣಿ 1888ರಲ್ಲಿ ಫ್ಲಾರೆನ್ಸ್‌ನಿಂದ ತಂದ ಮಾರ್ಕೊ ಎಂಬ ನಾಯಿ ಸುಮಾರು ಐದೂವರೆ ಕೆಜಿ. ಅವರಿಗೆ ಪುಟ್ಟದು ಇಷ್ಟವಾಯಿತು, ಎಲ್ಲರಿಗೂ ಪುಟ್ಟದೇ ಬೇಕಾಯಿತು. 1901ರಲ್ಲಿ ರಾಣಿ ಸಾಯುವಾಗ ಹಾಸಿಗೆಯ ಮೇಲೆ ಇದ್ದದ್ದೂ ಟೂರಿ ಎಂಬ ಪಾಮೇರಿಯನ್. ಈಗಿನವು ಒಂದೂವರೆಯಿಂದ ಮೂರು ಕೆಜಿ. ಮೈ ಕುಗ್ಗಿಸಿದರು, ಹಿಮದ ಕೂದಲು ಮಾತ್ರ ಹಾಗೇ ಉಳಿಯಿತು.

ಹಾಂ, ಅಜ್ಜಿ ಮನೆಯಲ್ಲಿ ಬಿಳಿ ಪಾಮೇರಿಯನ್ ಇತ್ತು, ಏನೂ ತೊಂದರೆ ಆಗಲಿಲ್ಲ ಅಂದಿದ್ದೀರಿ. ಅದು ಬಹುಶಃ ಇಂಡಿಯನ್ ಸ್ಪಿಟ್ಜ್. ನಮ್ಮ ಊರುಗಳಲ್ಲಿ ಅದನ್ನೇ ಪಾಮೇರಿಯನ್ ಅನ್ನುತ್ತಿದ್ದರು. ಸ್ವಲ್ಪ ದೊಡ್ಡದು, ತಲೆಮಾರುಗಳಿಂದ ಇಲ್ಲಿನ ಬಿಸಿಲಲ್ಲೇ ಬೆಳೆದದ್ದು. ನನ್ನನ್ನು ಕೇಳಿದರೆ ನಿಮಗೂ ಅದೇ ಸರಿ.

ಇಲ್ಲ, ಪಾಮೇರಿಯನ್ನೇ ಬೇಕು ಅಂದರೆ ಜಾಗ ಚಿಕ್ಕದು ಅಂತ ಚಿಂತೆ ಬೇಡ. ಬೆಳಿಗ್ಗೆಯಿಂದ ರಾತ್ರಿವರೆಗೆ ಮನೆ ಖಾಲಿ ಇರುತ್ತದಾ, ಅದನ್ನು ಯೋಚಿಸಿ. ಹಾಗಿದ್ದರೆ ತರಲೇಬೇಡಿ. ಲಿಫ್ಟ್ ಸದ್ದಿಗೂ ಬೊಗಳುತ್ತದೆ, ಒಂಟಿಯಾಗಿ ಕೊರಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳು ಗಂಟೆಯೊಳಗೆ ವಾಕಿಂಗ್ ಮುಗಿಸಿ. ಕೂದಲಿಗೆ ಕತ್ತರಿ ಬೇಡ, ಬಾಚಣಿಗೆ ಹಿಡಿಯಿರಿ. ಬೆನ್ನ ಮೇಲೆ ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಚರ್ಮ ಕಾಣುವಷ್ಟು ಆಳದಿಂದ ಸಾಲು ಸಾಲಾಗಿ ಬಾಚಿ. ಉದುರಿದ ಒಳಗೂದಲು ಹತ್ತಿಯ ಉಂಡೆಯ ಹಾಗೆ ಬಾಚಣಿಗೆಗೆ ಬರುತ್ತದೆ. ಚಿನ್ನಿಗೆ ಆ ಏಪ್ರಿಲ್‌ನಲ್ಲಿ ಬೇಕಾಗಿದ್ದದ್ದು ಇಷ್ಟೇ.